ವೈ. ವಿ. ರಾವ್

ವೈ. ವಿ. ರಾವ್ (1903–1973): ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ನಿರ್ದೇಶಕ, ನಟ, ನಿರ್ಮಾಪಕ. ಪೂರ್ಣ ಹೆಸರು ಯರಗುಡಿಪಾಟಿ ವರದರಾವ್. ಹುಟ್ಟಿದ್ದು ನೆಲ್ಲೂರಿನಲ್ಲಿ, ಮನೆಮಾತು ತೆಲುಗು. ಮೂಕಿಚಿತ್ರಗಳ ಕಾಲದಲ್ಲಿ ಕಸುಬು ಕಲಿತು, ಮಾತು ಬಂದ ಮೇಲೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಚಿತ್ರ ಮಾಡಿದವರು. ಕನ್ನಡ ಚಿತ್ರರಂಗದ ಚರಿತ್ರೆಯಲ್ಲಿ ಇವರ ಹೆಸರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಬಂದುಹೋಗುತ್ತದೆ; ಆ ಒಂದು ಸಾಲು ಸಾಲದು.

ನೆಲ್ಲೂರಿನ ರಂಗಭೂಮಿಯಿಂದ ಹೊರಟ ರಾವ್ ಕೊಲ್ಹಾಪುರ, ಮುಂಬಯಿಗಳ ಮೂಕಿಚಿತ್ರಗಳಲ್ಲಿ ನಟಿಸಿದರು. ಎ. ನಾರಾಯಣನ್ ಮದರಾಸಿನಲ್ಲಿ ಜನರಲ್ ಪಿಕ್ಚರ್ಸ್ ಕಾರ್ಪೊರೇಷನ್ ತೆರೆದಾಗ ಅಲ್ಲಿ ‘ಗರುಡ ಗರ್ವಭಂಗಂ’ (1929) ಚಿತ್ರದ ನಟನಾದರು, ಮರುವರ್ಷ ‘ಪಾಂಡವ ನಿರ್ವಾಣ’ದ ನಿರ್ದೇಶಕನಾದರು. ಅಲ್ಲಿಂದ ಬೆಂಗಳೂರಿಗೆ. ಗುಬ್ಬಿ ವೀರಣ್ಣನವರು ಆಗ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿಕೊಂಡು, ಬೆಲ್ಜಿಯಂನ ರಾಫೆಲ್ ಆಲ್ಗೋಟ್‌ರಿಂದ ಮೂಕಿಚಿತ್ರ ಮಾಡಿಸುತ್ತಿದ್ದರು. ಅದೇ ಸಂಸ್ಥೆಯ ‘ಹರಿಮಾಯ’ (1932) ರಾವ್ ಪಾಲಿಗೆ ಬಂತು. ಆದರೆ ಕಾಲ ಮೀರಿತ್ತು. 1931ರ ಮಾರ್ಚ್‌ನಲ್ಲಿ ‘ಆಲಂ ಆರಾ’, ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಕಾಳಿದಾಸ್’ ಎಂಬ ವಾಕ್ಚಿತ್ರಗಳು ತೆರೆಕಂಡು, ಮೂಕಿಚಿತ್ರದ ಅಂಗಡಿ ಮುಚ್ಚುವ ಸಮಯ ಬಂದಾಗಿತ್ತು.

ಬೆಂಗಳೂರಿನಲ್ಲಿ ನೆಲೆಸಿದ್ದ ರಾಜಸ್ಥಾನ ಮೂಲದ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ 1932ರಲ್ಲಿ ಸೌತ್ ಇಂಡಿಯಾ ಮೂವಿಟೋನ್ ಸ್ಥಾಪಿಸಿ ‘ಸತಿ ಸುಲೋಚನ’ ಎಂಬ ಕನ್ನಡ ವಾಕ್ಚಿತ್ರಕ್ಕೆ ಕೈಹಾಕಿದರು; ನಿರ್ದೇಶಕ ರಾವ್. ಕಥೆ, ಸಂಭಾಷಣೆ, ಹಾಡುಗಳು ಬೆಳ್ಳಾವೆ ನರಹರಿ ಶಾಸ್ತ್ರಿಗಳವು. ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ. ಮೂವರೂ ನಾಟಕರಂಗದಿಂದ ಬಂದವರು. ಸಂಗೀತ ಎಚ್. ಆರ್. ಪದ್ಮನಾಭ ಶಾಸ್ತ್ರಿ ಅವರದು. ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ವಾಕ್ಚಿತ್ರಕ್ಕೆ ಒದಗುವ ಸ್ಟುಡಿಯೋ ಇಲ್ಲದ್ದರಿಂದ ತಂಡವೆಲ್ಲ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋಗೆ ಹೋಗಬೇಕಾಯಿತು. ಖರ್ಚು ಸುಮಾರು 40,000 ರೂಪಾಯಿ ಎನ್ನುತ್ತಾರೆ. ತೆಲುಗಿನ ನಿರ್ದೇಶಕ, ಮಾರವಾಡಿ ಬಂಡವಾಳ, ಮರಾಠಿ ಸ್ಟುಡಿಯೋ, ಕನ್ನಡ ಕಂಪನಿ ನಾಟಕದ ಕಲಾವಿದರು: ಕನ್ನಡ ಸಿನಿಮಾ ಮೊದಲ ಮಾತಾಡಿದ್ದು ಇಂಥ ಕೂಡುಕುಟುಂಬದಲ್ಲಿ.

ಕಥೆಯ ಆಯ್ಕೆಯೂ ಸಾಧಾರಣವಾದುದಲ್ಲ. ರಾಮಾಯಣದ ಯುದ್ಧವನ್ನು ಇದು ಲಂಕೆಯ ಅಂತಃಪುರದಿಂದ ನೋಡುತ್ತದೆ. ಸುಲೋಚನೆ ಆದಿಶೇಷನ ಮಗಳು, ಇಂದ್ರಜಿತುವಿನ ಹೆಂಡತಿ. ಲಕ್ಷ್ಮಣ ಆದಿಶೇಷನ ಅವತಾರ. ಅಂದರೆ ಲಕ್ಷ್ಮಣ ಕೊಲ್ಲುವುದು ಅಳಿಯನನ್ನೇ, ವಿಧವೆಯಾಗುವುದು ಮಗಳೇ. ಆ ಲಕ್ಷ್ಮಣನ ಪಾತ್ರವನ್ನು ರಾವ್ ತಾವೇ ವಹಿಸಿದರು. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಚಿತ್ರ ಬಿಡುಗಡೆಯಾಗಿ ಕೆಲವು ವಾರ ತುಂಬಿದ ಸಭೆಗೆ ನಡೆಯಿತು. ಇದಕ್ಕೂ ಮೊದಲೇ ಚಿತ್ರೀಕರಣ ಆರಂಭಿಸಿದ್ದ ‘ಭಕ್ತ ಧ್ರುವ’ ತೆರೆಗೆ ಬಂದದ್ದು ಆಮೇಲೆ. ಹಾಗಾಗಿ ಮೊದಲನೆಯದೆಂಬ ಕೀರ್ತಿ ‘ಸುಲೋಚನ’ಕ್ಕೆ ದಕ್ಕಿತು. ಚಿತ್ರದ ಪ್ರತಿ ಈಗ ಉಳಿದಿಲ್ಲ. ಆದ್ದರಿಂದ ರಾವ್ ಇದರಲ್ಲಿ ಎಂಥ ನಿರ್ದೇಶಕರಾಗಿದ್ದರು ಎಂಬುದನ್ನು ಅವರ ಮುಂದಿನ ಕೆಲಸದಿಂದ ಊಹಿಸಬೇಕು.

ಆ ಮುಂದಿನ ಕೆಲಸ ಬಹುಪಾಲು ಕನ್ನಡದ ಹೊರಗೆ ನಡೆಯಿತು. ಮಾರುಕಟ್ಟೆ ಚಿಕ್ಕದು, ಸ್ಟುಡಿಯೋ ಇಲ್ಲ, ಹೋದದ್ದು ಸಹಜವೇ. ಮದುರೆಯ ರಾಯಲ್ ಟಾಕೀಸ್‌ಗಾಗಿ ಮಾಡಿದ ‘ಚಿಂತಾಮಣಿ’ (1937) ಒಂದೇ ಚಿತ್ರಮಂದಿರದಲ್ಲಿ ವರ್ಷಕ್ಕೂ ಮೀರಿ ಓಡಿದ ಮೊದಲ ತಮಿಳು ಚಿತ್ರ. ನಾಯಕ ಎಂ. ಕೆ. ತ್ಯಾಗರಾಜ ಭಾಗವತರ್, ಹಾಡುಗಳು ಪಾಪನಾಶಂ ಶಿವನ್ ಅವರವು. ನಾಯಕಿ ಮಾತ್ರ ಕನ್ನಡದವರು: ‘ಸದಾರಮೆ’ಯಲ್ಲಿ (1935) ಹೆಸರು ಮಾಡಿದ್ದ ಅಶ್ವತ್ಥಮ್ಮ. ಈ ಚಿತ್ರದ ಲಾಭದಲ್ಲಿ ಮದುರೆಯಲ್ಲಿ ಚಿಂತಾಮಣಿ ಎಂಬ ಚಿತ್ರಮಂದಿರವೇ ಎದ್ದಿತು.

ಇದೇ ವರ್ಷಗಳಲ್ಲಿ ಅಮೆರಿಕದ ಎಲ್ಲಿಸ್ ಆರ್. ಡಂಗನ್ ಕೂಡ ತಮಿಳಿನಲ್ಲಿ ಕೆಲಸ ಮಾಡುತ್ತಿದ್ದರು. ಡಂಗನ್‌ಗೆ ತಮಿಳು ಬಾರದು. ಕ್ಯಾಮೆರಾ, ಬೆಳಕು, ಚಲನೆಯ ಶಿಸ್ತನ್ನು ಅವರು ಹೊರಗಿನಿಂದ ತಂದರು. ರಾವ್ ತಾವೇ ಬಣ್ಣ ಹಚ್ಚಿಕೊಂಡು ನಟರ ನಡುವೆ ನಿಂತು ಕೆಲಸ ಮಾಡಿಸಿದವರು. ಎಂ. ಎಸ್. ಸುಬ್ಬುಲಕ್ಷ್ಮಿ ಇಬ್ಬರ ಕೈಯಲ್ಲೂ ನಟಿಸಿದ್ದಾರೆ: ಡಂಗನ್‌ರ ‘ಶಕುಂತಲೈ’ (1940), ‘ಮೀರಾ’ (1945), ನಡುವೆ ರಾವ್‌ರ ‘ಸಾವಿತ್ರಿ’ (1941). ಅದರಲ್ಲಿ ಸುಬ್ಬುಲಕ್ಷ್ಮಿ ನಾರದ, ಮರಾಠಿಯ ಶಾಂತಾ ಆಪ್ಟೆ ಸಾವಿತ್ರಿ, ರಾವ್ ಸತ್ಯವಾನ. ಆಪ್ಟೆ ಈ ಪಾತ್ರಕ್ಕೆಂದೇ ತಮಿಳು ಕಲಿತರು. ಸುಬ್ಬುಲಕ್ಷ್ಮಿಗೆ ಸಂದ ಸಂಭಾವನೆಯಿಂದ ‘ಕಲ್ಕಿ’ ಪತ್ರಿಕೆ ಹುಟ್ಟಿತು.

ರಾವ್ ಅವರ ನಿಜವಾದ ಸತ್ವ ತೆಲುಗಿನ ಎರಡು ಸಾಮಾಜಿಕ ಚಿತ್ರಗಳಲ್ಲಿದೆ. ‘ಮಳ್ಳಿ ಪೆಳ್ಳಿ’ (1939) ಬಾಲವಿಧವೆಯ ಮರುಮದುವೆಯ ಕಥೆ. ಕಾಂಚನಮಾಲ ನಾಯಕಿ, ರಾವ್ ನಾಯಕ. ‘ವಿಶ್ವಮೋಹಿನಿ’ (1940) ಸಿನಿಮಾ ಜಗತ್ತನ್ನೇ ವಸ್ತುವಾಗಿಸಿಕೊಂಡಿತು; ಚಿತ್ತೂರು ವಿ. ನಾಗಯ್ಯ ಅದರಲ್ಲಿದ್ದರು. ಪುರಾಣದಿಂದ ತೊಡಗಿದ ನಿರ್ದೇಶಕ ಆರೇ ವರ್ಷಗಳಲ್ಲಿ ಮನೆಯೊಳಗಿನ ಅನ್ಯಾಯಕ್ಕೂ ತನ್ನದೇ ಕಸುಬಿನ ಒಳಗುಟ್ಟಿಗೂ ಕ್ಯಾಮೆರಾ ತಿರುಗಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

‘ಲವಂಗಿ’ಯಲ್ಲಿ (1946) ಜಗನ್ನಾಥ ಪಂಡಿತನಾದ ರಾವ್ ಜೊತೆ ಗುಬ್ಬಿ ಕಂಪನಿಯ ಬಿ. ಜಯಮ್ಮ, ಮುಂದೆ ‘ಸ್ಕೂಲ್ ಮಾಸ್ಟರ್’ ನಿರ್ದೇಶಿಸಿದ ಬಿ. ಆರ್. ಪಂತುಲು, ಕುಮಾರಿ ರುಕ್ಮಿಣಿ ನಟಿಸಿದರು. ರುಕ್ಮಿಣಿ ಅವರು ರಾವ್‌ರ ಪತ್ನಿಯಾದರು. ಈ ದಂಪತಿಯ ಮಗಳು ನಟಿ ಲಕ್ಷ್ಮಿ. ‘ಗೋವಾದಲ್ಲಿ ಸಿಐಡಿ 999’ (1968) ಮೂಲಕ ಕನ್ನಡಕ್ಕೆ ಬಂದ ಲಕ್ಷ್ಮಿ, ತಂದೆ ತೀರಿಕೊಂಡ ಮೂರು ವರ್ಷಕ್ಕೆ ರಾಜ್‌ಕುಮಾರ್ ಎದುರು ‘ನಾ ನಿನ್ನ ಮರೆಯಲಾರೆ’ (1976) ಚಿತ್ರದ ನಾಯಕಿಯಾಗಿ ಕನ್ನಡದಲ್ಲಿ ಮನೆಮಾತಾದರು.