ಗದ್ದುಗೆಯೂ ಬೀದಿಯೂ: ಹೈದರಾಬಾದ್ ಸರ್ವಾಧಿಕಾರವನ್ನು ಬರೆದವರು

ಗುರುಮಠಕಲ್, ಯಾದಗಿರಿ, ಸುರಪುರದ ಕಡೆಯ ಹಳಬರು ಕಾಲವನ್ನು ಎರಡು ಗುರುತುಗಳಿಂದ ಲೆಕ್ಕ ಹಾಕುತ್ತಾರೆ: ಕಾಸಿಂ ರಜ್ವಿಯ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಮತ್ತು ಅದರ ಬೆನ್ನಿಗೇ ಬಂದ ಪೊಲೀಸ್ ಆ್ಯಕ್ಷನ್, ಅಂದರೆ 1948ರ ಭಾರತೀಯ ಸೈನ್ಯದ ಕಾರ್ಯಾಚರಣೆ. ಈ ಎರಡರ ಬಗ್ಗೆ ಎಪ್ಪತ್ತೈದು ವರ್ಷಗಳಿಂದ ಬರವಣಿಗೆ ನಡೆದಿದೆ. ಅದರಲ್ಲಿ ಬಹುಪಾಲು ಸುತ್ತುವುದು ಒಂದೇ ಪ್ರಶ್ನೆಯನ್ನು. ಹೈದರಾಬಾದಿನಲ್ಲಿ ಕೊನೆಗೆ ನಡೆದದ್ದು ಹಳೆಯ ದೊರೆತನವೋ, ಮುಸೊಲಿನಿ, ಹಿಟ್ಲರರ ಕಾಲ ಕಲಿಸಿದ ಹೊಸ ಸರ್ವಾಧಿಕಾರವೋ?

ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1911ರಲ್ಲಿ ಗದ್ದುಗೆ ಏರಿದರು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಅವರ ಆಳ್ವಿಕೆಗೆ ಒಳಪಟ್ಟಿದ್ದವು. ಗುರುಮಠಕಲ್ ಆಗ ಕಲಬುರಗಿ ಜಿಲ್ಲೆಗೆ ಸೇರಿತ್ತು. 1858ರ ಬಂಡಾಯದ ನಂತರ ಸುರಪುರವನ್ನೂ ಬ್ರಿಟಿಷರು ನಿಜಾಮರಿಗೇ ಒಪ್ಪಿಸಿದ್ದರು. ಸಭೆ ಸೇರಬೇಕಾದರೆ ಮೊದಲೇ ಅಪ್ಪಣೆ ಪಡೆಯಬೇಕೆಂಬ 'ಗಸ್ತಿ ನಿಶಾನ್ 53' ಜಾರಿಯಲ್ಲಿತ್ತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ಹುಟ್ಟುವ ಮೊದಲೇ ನಿಷೇಧಿಸಿದರು. ಇದೇ ದೊರೆಯ ದೇಣಿಗೆಯಿಂದ ಹೆಸರು ಪಡೆದ ಬ್ರಿಟಿಷ್ ವಾಯುಪಡೆಯ 152ನೇ 'ಹೈದರಾಬಾದ್' ಸ್ಕ್ವಾಡ್ರನ್ 1940ರಲ್ಲಿ ಸ್ಪಿಟ್‌ಫೈರ್ ವಿಮಾನಗಳನ್ನು ಹಾರಿಸುತ್ತ ಇಂಗ್ಲೆಂಡಿನ ಆಕಾಶದಲ್ಲಿ ನಾಜಿಗಳೊಡನೆ ಸೆಣಸಿತು. ಹೊರಗೆ ಹಿಟ್ಲರನ ವಿರುದ್ಧ ಕಾಸು, ಒಳಗೆ ಬಾಯಿಗೆ ಬೀಗ.

ಮೊದಲ ತಲೆಮಾರಿನ ಬರಹಗಾರರು ಇಂಥ ವಿಪರ್ಯಾಸಗಳ ಗೊಡವೆಗೆ ಹೋಗಲಿಲ್ಲ. ಅವರು ಸ್ವತಃ ಆ ಕಥೆಯ ಪಾತ್ರಧಾರಿಗಳು. ವಿ.ಪಿ. ಮೆನನ್ ಸಂಸ್ಥಾನಗಳ ವಿಲೀನದ ಕಥೆಯನ್ನು 1956ರಲ್ಲಿ ಬರೆದರು. ಭಾರತ ಸರ್ಕಾರದ ಏಜೆಂಟ್ ಜನರಲ್ ಆಗಿ ಹೈದರಾಬಾದಿನಲ್ಲಿದ್ದ ಕೆ.ಎಂ. ಮುನ್ಷಿ ತಮ್ಮದನ್ನು 1957ರಲ್ಲಿ ಹೇಳಿದರು. ನಿಜಾಮರ ಕೊನೆಯ ಪ್ರಧಾನಿ ಮೀರ್ ಲಾಯಕ್ ಅಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿ, 1962ರಲ್ಲಿ ಅದೇ ತಿಂಗಳುಗಳನ್ನು ದುರಂತವೆಂದು ಬರೆದರು. ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಾಮಾನಂದ ತೀರ್ಥರ ನೆನಪುಗಳು 1967ರಲ್ಲಿ ಬಂದವು. ಕಮ್ಯುನಿಸ್ಟ್ ನಾಯಕ ಪಿ. ಸುಂದರಯ್ಯನವರ 1972ರ ಪುಸ್ತಕ ತೆಲಂಗಾಣದ ರೈತರ ಸಶಸ್ತ್ರ ಹೋರಾಟವನ್ನು ಮುಂದಿಟ್ಟಿತು. ಅಲ್ಲಿ ಶತ್ರು ನಿಜಾಮನಿಗಿಂತ ಹೆಚ್ಚಾಗಿ ದೇಶಮುಖನೆಂಬ ಜಮೀನ್ದಾರ. ಕನ್ನಡದಲ್ಲಿ ಬಂದದ್ದು ಹೆಚ್ಚಾಗಿ ಹೋರಾಟಗಾರರ ಜೀವನಚರಿತ್ರೆ: ಕೊಲ್ಲೂರು ಮಲ್ಲಪ್ಪ, ಚಂಡರಕಿ ಜಗನ್ನಾಥರಾವ್, ಗಡಿಯಾಚೆ ಮುಂಡರಗಿಯಲ್ಲಿ ಹೋರಾಟಗಾರರ ಶಿಬಿರ ಕಟ್ಟಿದ ಅಳವಂಡಿ ಶಿವಮೂರ್ತಿಸ್ವಾಮಿ. ಭಕ್ತಿಯಿಂದ ಬರೆದ ಪುಸ್ತಕಗಳಿವು. ಆದರೆ ಶಿಬಿರಗಳ ಒಳಗಿನ ವಿವರ ಇವುಗಳಲ್ಲಿ ಸಿಗುವಷ್ಟು ಇಂಗ್ಲಿಷಿನ ದೊಡ್ಡ ಗ್ರಂಥಗಳಲ್ಲಿ ಸಿಗುವುದಿಲ್ಲ.

ಈ ತಲೆಮಾರಿನ ದೋಷವೆಂದರೆ ನಿಜಾಮನನ್ನೂ ಕಾಸಿಂ ರಜ್ವಿಯನ್ನೂ ಒಂದೇ ಗಂಟಿಗೆ ಕಟ್ಟಿದ್ದು. ನಿಜಾಮ ಜಾಗೀರು, ನಜರಾನ, ದರ್ಬಾರುಗಳ ಮನುಷ್ಯ. ರಜ್ವಿ ಲಾತೂರಿನ ವಕೀಲ. ಸಮವಸ್ತ್ರ, ಪ್ರತಿಜ್ಞೆ, ಮೆರವಣಿಗೆ, ಬೆಂಕಿ ಕಾರುವ ಭಾಷಣ ಅವನ ಬಂಡವಾಳ. 1927ರಲ್ಲಿ ಹುಟ್ಟಿದ ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನನ್ನು ಮೊದಲು ಜನಸಂಘಟನೆಯಾಗಿ ಮಾಡಿದವರು ಬಹಾದೂರ್ ಯಾರ್ ಜಂಗ್. ಅವರ 'ಅನಲ್ ಮಲಿಕ್' ಘೋಷಣೆಯ ಪ್ರಕಾರ ಒಡೆತನ ಇರುವುದು ಮುಸ್ಲಿಂ ಸಮುದಾಯದಲ್ಲಿ, ನಿಜಾಮ ಅದರ ಗುರುತು ಮಾತ್ರ. ದೊರೆಗೆ ಇದು ಮೇಲ್ನೋಟಕ್ಕೆ ಹೊಗಳಿಕೆ, ಒಳಗೆ ಕುತ್ತು. ಜಂಗ್ 1944ರಲ್ಲಿ ತೀರಿಕೊಂಡರು, 1946ರಲ್ಲಿ ಮಜ್ಲಿಸ್‌ನ ನಾಯಕತ್ವಕ್ಕೆ ರಜ್ವಿ ಬಂದ.

ಇಟಲಿಯ ಚರಿತ್ರೆ ಓದಿದವರು 1947ರ ಅಕ್ಟೋಬರ್ 27ರ ನಸುಕಿನಲ್ಲಿ ಒಂದು ಕ್ಷಣ ನಿಲ್ಲಬೇಕು. ಭಾರತದೊಡನೆ ಒಪ್ಪಂದಕ್ಕೆ ದೆಹಲಿಗೆ ಹೊರಡಬೇಕಿದ್ದ ನಿಯೋಗದ ಮನೆಗಳನ್ನು ರಜ್ವಿಯ ಗುಂಪು ಮುತ್ತಿತು. ಪ್ರಧಾನಿ ಛತಾರಿ ನವಾಬ, ವಕೀಲ ವಾಲ್ಟರ್ ಮಾಂಕ್ಟನ್ ಅದರಲ್ಲಿದ್ದರು. ನಿಜಾಮ ಗುಂಪನ್ನು ಚದುರಿಸಲಿಲ್ಲ, ನಿಯೋಗವನ್ನೇ ಬದಲಿಸಿದ. ಛತಾರಿ ರಾಜೀನಾಮೆ ಕೊಟ್ಟರು, ಲಾಯಕ್ ಅಲಿ ಪ್ರಧಾನಿಯಾದರು. 1922ರ ಅಕ್ಟೋಬರ್ 28ರಂದು ರೋಮಿನಲ್ಲಿ ದೊರೆ ಮೂರನೇ ವಿಕ್ಟರ್ ಇಮ್ಯಾನುಯೆಲ್ ಮಾಡಿದ್ದೂ ಇದನ್ನೇ. ಸೈನ್ಯ ಅವನ ಕೈಯಲ್ಲಿತ್ತು, ಆದರೂ ತುರ್ತುಸ್ಥಿತಿಯ ಆಜ್ಞೆಗೆ ಸಹಿ ಹಾಕದೆ ಮುಸೊಲಿನಿಗೆ ಬಾಗಿಲು ತೆರೆದ. ನನ್ನ ಮಟ್ಟಿಗೆ ಹೈದರಾಬಾದಿಗೂ ಯುರೋಪಿಗೂ ನಿಜವಾಗಿ ಕೂಡುವ ಹೋಲಿಕೆ ಇದೊಂದೇ. ಉಳಿದವು ಭಾಷಣಕ್ಕೆ ಚೆನ್ನ. ಹನ್ನಾ ಅರೆಂಟ್ 1951ರಲ್ಲಿ ವಿವರಿಸಿದ, ಬದುಕಿನ ಮೂಲೆಮೂಲೆಗೂ ನುಗ್ಗುವ ಪಕ್ಷಪ್ರಭುತ್ವ ಇಲ್ಲಿ ಎಂದೂ ಬರಲಿಲ್ಲ. ಅದಕ್ಕೆ ಸಮಯವೂ ಇರಲಿಲ್ಲ, ಯಂತ್ರವೂ ಇರಲಿಲ್ಲ.

ಹಾಗೆಂದು ಹಿಂಸೆ ಕಡಿಮೆಯಾಗಿರಲಿಲ್ಲ. 1948ರ ಮೇನಲ್ಲಿ ಬಸವಕಲ್ಯಾಣದ ಬಳಿಯ ಗೋರ್ಟಾದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಹೇಳುತ್ತಾರೆ. ಭಾರತದೊಡನೆ ಸೇರಬೇಕೆಂದು ಬರೆದ ಉರ್ದು ಪತ್ರಿಕೆ 'ಇಮ್ರೋಜ್'ನ ಸಂಪಾದಕ ಶೋಯೆಬುಲ್ಲಾ ಖಾನ್ ಆಗಸ್ಟಿನಲ್ಲಿ ಕೊಲೆಯಾದರು. ರಜಾಕಾರರನ್ನು ಎದುರಿಸಿದ ಮುಸ್ಲಿಮರೂ ಇದ್ದರೆಂಬುದಕ್ಕೆ ಅವರ ಹೆಸರೊಂದೇ ಸಾಕು. ಗಡಿಯಲ್ಲಿ ಶಿಬಿರಗಳು, ಕರಾಚಿಯಿಂದ ವೈಮಾನಿಕ ಸಿಡ್ನಿ ಕಾಟನ್ ತನ್ನ ವಿಮಾನದಲ್ಲಿ ಕದ್ದು ತಂದ ಶಸ್ತ್ರ, ವಿಶ್ವಸಂಸ್ಥೆಗೆ ದೂರು, ಎಲ್ಲ ಮುಗಿದು ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ನುಗ್ಗಿತು. ಐದೇ ದಿನದಲ್ಲಿ ನಿಜಾಮ ಸೋಲೊಪ್ಪಿದ.

ಚರಿತ್ರೆಕಾರರು ತಡವಾಗಿ ಬಂದು ನಿಂತದ್ದು ಆಮೇಲಿನ ವಾರಗಳ ಮುಂದೆ. ವಿಲ್‌ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ 1950ರಲ್ಲೇ ಆ ವಾರಗಳ ಹಿಂಸೆಯ ಬಗ್ಗೆ ಒಂದು ಲೇಖನ ಬರೆದಿದ್ದರೂ, ನೆಹರೂ ಕಳಿಸಿದ್ದ ಪಂಡಿತ್ ಸುಂದರಲಾಲ್ ಸಮಿತಿಯ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ಪೊಲೀಸ್ ಆ್ಯಕ್ಷನ್ ಸಮಯದಲ್ಲೂ ನಂತರವೂ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಅದು ಅಂದಾಜು ಮಾಡಿತ್ತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್. ಒಮರ್ ಖಾಲಿದಿ 1988ರಲ್ಲಿ ಸಂಪಾದಿಸಿದ ಸಂಕಲನ ಈ ಮೌನ ಮುರಿಯಲು ಹೊರಟಿತು, ಎ.ಜಿ. ನೂರಾನಿಯವರ 2013ರ ಪುಸ್ತಕದ ಮೂಲಕ ವರದಿ ಸಾಮಾನ್ಯ ಓದುಗರಿಗೂ ತಲುಪಿತು. ಇತ್ತ ಲೂಸಿಯನ್ ಬೆನಿಷು ಮತ್ತು ಮಾರ್ಗ್ರಿಟ್ ಪೆರ್ನೌ 2000ದಲ್ಲಿ ದೊರೆತನ ಸಡಿಲಗೊಂಡ ಬಗೆಯನ್ನು ಬಿಡಿಸಿದರು. ಸುನಿಲ್ ಪುರುಷೋತ್ತಮ್ ಹಿಂಸೆಯನ್ನೇ ಅಧ್ಯಯನದ ನಡುವಿಗೆ ತಂದರು. ಅಫ್ಸರ್ ಮೊಹಮ್ಮದ್ 2023ರ ಪುಸ್ತಕದಲ್ಲಿ ಮುಸ್ಲಿಮರ ಬಾಯಿಂದಲೇ ಕಥೆ ಕೇಳಿದರು. ರಜಾಕಾರರ ಕ್ರೌರ್ಯ ಬರೆದರೆ ಆಮೇಲಿನ ಹಿಂಸೆ ಮರೆಯಾಗುತ್ತದೆ, ಆ ಹಿಂಸೆಯನ್ನು ಬರೆದರೆ ರಜಾಕಾರರ ಕ್ರೌರ್ಯ ಮರೆಯಾಗುತ್ತದೆ ಎಂಬ ಅಂಜಿಕೆ ಎರಡೂ ಕಡೆ ಇದೆ. ನೂರಾನಿಯವರ ಪುಸ್ತಕವೂ ರಜ್ವಿಯ ಭಾಗಕ್ಕೆ ಬಂದಾಗ ಅವಸರ ಮಾಡುತ್ತದೆ ಎಂಬುದು ನನ್ನ ಓದು.

ನೆನಪು ಬರಹವಾಗುವ ದಾರಿ ಇಲ್ಲಿ ಡೊಂಕು. 1972ರಿಂದ 2004ರವರೆಗೆ ಗುರುಮಠಕಲ್ ಕ್ಷೇತ್ರದಿಂದ ಎಂಟು ಸಲ ಗೆದ್ದ ಮಲ್ಲಿಕಾರ್ಜುನ ಖರ್ಗೆ ಭಾಲ್ಕಿಯ ವರವಟ್ಟಿಯವರು. ರಜಾಕಾರರು ಇಟ್ಟ ಬೆಂಕಿಯಲ್ಲಿ ತಾಯಿಯನ್ನು ಕಳೆದುಕೊಂಡ ಮಗು ಅವರು. ಈ ಸಂಗತಿ ದೇಶವ್ಯಾಪಿ ಚರ್ಚೆಯಾದದ್ದು 2024ರ ಚುನಾವಣಾ ಭಾಷಣಗಳಲ್ಲಿ, ಅದೂ ಎದುರಾಳಿ ಪಕ್ಷದವರ ಬಾಯಲ್ಲಿ. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು, ನಿಜಾಮ ಸೋಲೊಪ್ಪಿದ ಸೆಪ್ಟೆಂಬರ್ 17ರ ಧ್ವಜಾರೋಹಣ ವರ್ಷ ವರ್ಷ ಅದ್ದೂರಿಯಾಗುತ್ತಿದೆ. ತಾಲ್ಲೂಕು ಮಟ್ಟದ ಸಂಶೋಧನೆಗೆ ಈ ಅದ್ದೂರಿಯಿಂದ ಸಿಕ್ಕಿದ್ದು ಕಡಿಮೆ. ಆ ಕಾಲದ ಸರ್ಕಾರಿ ಕಾಗದ ಉರ್ದುವಿನಲ್ಲಿದೆ. ಅದನ್ನು ಓದಬಲ್ಲ ಕನ್ನಡ ಚರಿತ್ರೆಕಾರರು ತೀರ ಕಡಿಮೆ.

ಹೊಸದಾಗಿ ಓದಲು ಕೂರುವವರು ಮುನ್ಷಿಯನ್ನೂ ಲಾಯಕ್ ಅಲಿಯನ್ನೂ ಅಧ್ಯಾಯಕ್ಕೆ ಅಧ್ಯಾಯ ಜೋಡಿಸಿಕೊಂಡು ಓದಲಿ. ಒಂದೇ ಊರಿನಲ್ಲಿ, ಒಂದೇ ತಿಂಗಳುಗಳಲ್ಲಿ, ಎದುರುಬದುರಾಗಿ ಕೂತಿದ್ದ ಇಬ್ಬರು ಅವರು. ಆಮೇಲೆ ಸುಂದರಲಾಲ್ ವರದಿ. ರಜಾಕಾರರ ಕುರಿತ ಸಿನಿಮಾ ನೋಡುವುದಿದ್ದರೆ ಅದರ ನಂತರ ನೋಡಬಹುದು.