ಅರಿವು ಎಂಬ ನುಡಿ

'ಅರಿವು' ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಅದರ ಹುಟ್ಟನ್ನು ಮಾತ್ರ ವಿಚಾರಿಸುವುದಿಲ್ಲ. ಇದು ಸಂಸ್ಕೃತದಿಂದ ಬಂದುದಲ್ಲ. ತಮಿಳು, ಮಲಯಾಳಗಳಲ್ಲಿಯೂ ಇರುವ ದ್ರಾವಿಡ ನುಡಿ. ತಿರುಕ್ಕುರಳಿನ 43ನೆಯ ಅಧಿಕಾರದ ಹೆಸರೇ 'ಅಱಿವುಡೈಮೈ', ಅಂದರೆ ಅರಿವುಳ್ಳವನಾಗಿರುವಿಕೆ. ಹಳಗನ್ನಡದಲ್ಲಿ ತಿಳಿಯುವುದಕ್ಕೆ 'ಅಱಿ' ಎಂದೂ ಕತ್ತರಿಸುವುದಕ್ಕೆ 'ಅರಿ' ಎಂದೂ ಬೇರೆ ಬೇರೆ ಬರೆಯುತ್ತಿದ್ದರು. ಕಾಲಕ್ರಮದಲ್ಲಿ ಶಕಟರೇಫವು ಬಿದ್ದುಹೋಗಿ ಎರಡೂ ಒಂದೇ ರೂಪ ತಾಳಿದವು. ಹಿರಿಯರಲ್ಲಿ ನಾವು ಮಾಡಿಕೊಳ್ಳುವ 'ಅರಿಕೆ'ಯೂ ತಿಳಿಯುವ ಧಾತುವಿನದೇ. ಅವರು ಅರಿಯುವಂತೆ ಮಾಡುವುದೇ ಅರಿಕೆ.

12ನೆಯ ಶತಮಾನದ ಶರಣರು ಈ ಮನೆಮಾತನ್ನೇ ಅನುಭಾವದ ಮಾತಾಗಿಸಿದರು. ಓದು ಬಾರದವನೂ ಆಡಬಲ್ಲ ನುಡಿಯಾದುದರಿಂದ ಅರಿವಿನ ಬಾಗಿಲು ಅವನಿಗೂ ತೆರೆಯಿತು. ಅಕ್ಷರವೊಂದು ಅಳಿದರೆ ನಷ್ಟ ಅಲ್ಪ. ಕೂಡಿಸಬೇಕಾದ ಅರಿವು ಕತ್ತರಿಸುವ ಅರಿಯಾದರೆ ನಾವು ಕಳೆದುಕೊಳ್ಳುವುದು ಬಹಳ.