ಗರ್ಭದ ಶಿಶು, ಮದ್ಯ ಮತ್ತು ಕಾನೂನು

ಗರ್ಭದಲ್ಲಿರುವ ಮಗುವನ್ನು ಮದ್ಯದ ಕೆಡುಕಿನಿಂದ ಕಾನೂನು ರಕ್ಷಿಸಬಲ್ಲುದೇ? ಅಮೆರಿಕದ ರಾಜ್ಯಗಳ ಅನುಭವವನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲವೆಂಬುದು ನಮಗೆ ಮನವರಿಕೆಯಾಗುತ್ತದೆ.

ಈ ಕುರಿತ ಶಂಕೆ ಹಳೆಯದು. 1899ರಲ್ಲಿ ಲಿವರ್‌ಪೂಲ್ ಸೆರೆಮನೆಯ ವೈದ್ಯ ವಿಲಿಯಂ ಸಲ್ಲಿವನ್, ಕುಡಿತಕ್ಕೆ ಬಿದ್ದ ತಾಯಂದಿರ ಶಿಶುಗಳಲ್ಲಿ ಮರಣ ಹೆಚ್ಚೆಂದು ದಾಖಲಿಸಿದರು. ಗರ್ಭಾವಸ್ಥೆಯಲ್ಲಿ ಸೆರೆಮನೆಯಲ್ಲಿದ್ದು ಮದ್ಯ ಸಿಗದೇ ಹೋದ ಕೆಲವರು ಆರೋಗ್ಯವಂತ ಮಕ್ಕಳನ್ನು ಹೆತ್ತದ್ದನ್ನೂ ಅವರು ಗಮನಿಸಿದ್ದರು. 1968ರಲ್ಲಿ ಫ್ರಾನ್ಸಿನ ಪಾಲ್ ಲೆಮೋಯಿನ್ ಇಂಥ ಮಕ್ಕಳ ಲಕ್ಷಣಗಳನ್ನು ವಿವರಿಸಿದರು. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಅದಕ್ಕೆ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಮಗುವಿನ ಬೆಳವಣಿಗೆ ಕುಂಠಿತವಾಗುವುದು, ಮುಖದ ರಚನೆ ಬದಲಾಗುವುದು, ಮಿದುಳಿಗೆ ಶಾಶ್ವತ ಹಾನಿಯಾಗುವುದು ಅದರ ಲಕ್ಷಣಗಳು.

ಕಾನೂನು ಮೊದಲು ಎಚ್ಚರಿಕೆಯ ದಾರಿ ಹಿಡಿಯಿತು. 1988ರ ಕೇಂದ್ರ ಕಾಯ್ದೆಯಂತೆ 1989ರ ನವೆಂಬರ್‌ನಿಂದ ಮದ್ಯದ ಬಾಟಲಿಗಳ ಮೇಲೆ ಗರ್ಭಿಣಿಯರಿಗೆ ಎಚ್ಚರಿಕೆ ಮುದ್ರಿಸುವುದು ಕಡ್ಡಾಯವಾಯಿತು. ಹಲವು ರಾಜ್ಯಗಳು ಮದ್ಯದಂಗಡಿಗಳಲ್ಲಿ ಎಚ್ಚರಿಕೆಯ ಫಲಕ ಹಾಕಿಸಿದವು.

ಬಳಿಕ ಬಂಧನದ ದಾರಿ ಬಂತು. ವಿಸ್ಕಾನ್ಸಿನ್ ರಾಜ್ಯದ 1997ರ ಶಾಸನವು ಮದ್ಯ ಅಥವಾ ಮಾದಕ ವಸ್ತು ಸೇವಿಸುವ ಗರ್ಭಿಣಿಯನ್ನು ವಶಕ್ಕೆ ಪಡೆಯಲು ಅವಕಾಶ ನೀಡಿತು. ಭ್ರೂಣದ ಪರವಾಗಿ ವಕೀಲರನ್ನು ನೇಮಿಸುವ ವ್ಯವಸ್ಥೆಯೂ ಅದರಲ್ಲಿತ್ತು. 1998ರಲ್ಲಿ ಸೌತ್ ಡಕೋಟಾ ರಾಜ್ಯವು ಗರ್ಭಿಣಿಯ ಮದ್ಯಪಾನವನ್ನು ಮಕ್ಕಳ ಮೇಲಿನ ದೌರ್ಜನ್ಯವೆಂದು ಪರಿಗಣಿಸಿ, ಆಕೆಯನ್ನು ಬಲವಂತದ ಚಿಕಿತ್ಸೆಗೆ ಒಳಪಡಿಸಲು ಅನುವು ಮಾಡಿತು.

ಪರಿಣಾಮವೇನಾಯಿತು? ರಾಜ್ಯಗಳ ಕಾನೂನುಗಳನ್ನೂ 1972ರಿಂದ 2013ರವರೆಗಿನ ಜನನ ದಾಖಲೆಗಳನ್ನೂ ಹೋಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಗರ್ಭಿಣಿಯ ಮದ್ಯಪಾನವನ್ನು ಮಕ್ಕಳ ಮೇಲಿನ ದೌರ್ಜನ್ಯವೆಂದು ಕರೆದ ರಾಜ್ಯಗಳಲ್ಲಿ ಮಕ್ಕಳ ಆರೋಗ್ಯ ಸುಧಾರಿಸಿದ ಪುರಾವೆ ಅದರಲ್ಲಿ ಸಿಗಲಿಲ್ಲ. ಅದಕ್ಕೆ ಬದಲು, ಅಂಥ ಕಾನೂನುಗಳಿದ್ದಲ್ಲಿ ಕಡಿಮೆ ತೂಕದ ಮಕ್ಕಳ ಜನನ ಹೆಚ್ಚಿತ್ತು. ಎಚ್ಚರಿಕೆಯ ಫಲಕಗಳಿದ್ದ ರಾಜ್ಯಗಳ ಫಲಿತಾಂಶವೂ ಆಶಾದಾಯಕವಾಗಿರಲಿಲ್ಲ. ಮಗುವನ್ನು ಕಿತ್ತುಕೊಳ್ಳುತ್ತಾರೆಂಬ ಭಯದಿಂದ ತಾಯಿ ವೈದ್ಯರಿಂದಲೇ ದೂರ ಉಳಿಯುತ್ತಾಳೆ ಎಂಬುದು ತಜ್ಞರು ಕೊಡುವ ಒಂದು ಕಾರಣ.

ಮೂರನೆಯ ದಾರಿಯೂ ಇದೆ. 1991ರಲ್ಲಿ ಸಿಯಾಟಲ್‌ನಲ್ಲೇ ಆರಂಭವಾದ ಕಾರ್ಯಕ್ರಮವೊಂದರಲ್ಲಿ ತರಬೇತಿ ಪಡೆದ ಕಾರ್ಯಕರ್ತೆಯರು ವ್ಯಸನಿ ತಾಯಂದಿರ ಮನೆಗೇ ಹೋಗಿ, ಮೂರು ವರ್ಷ ಜೊತೆಗಿದ್ದು, ಚಿಕಿತ್ಸೆಗೂ ವಸತಿಗೂ ದಾರಿ ತೋರುತ್ತಾರೆ.

ಮದ್ಯ ಮಾರುವವನಿಗೆ ಪರವಾನಗಿ, ಅದಕ್ಕೆ ಬಲಿಯಾದ ಗರ್ಭಿಣಿಗೆ ಬಂಧನ. ಇದು ಯಾವ ನ್ಯಾಯ? ತಾಯಿಯನ್ನು ಶತ್ರುವಾಗಿ ಕಂಡು ಮಗುವನ್ನು ಉಳಿಸಲು ಸಾಧ್ಯವಿಲ್ಲವೆಂಬುದೇ ಈ ಇತಿಹಾಸ ನಮಗೆ ಕಲಿಸುವ ಪಾಠ.